ಏಳನೇ ನಂಬರಿನ ನಾಲ್ಕು ನಿಮಿಷ

ಹೊಸೂರಿನ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ, ರಾಧಾಮಣಿ ಮೂವತ್ತೊಂದು ವರ್ಷ ಊರವರ ಜಗಳಗಳನ್ನೆಲ್ಲ ಟೈಪ್ ಮಾಡಿದಳು. ಬೆಳಿಗ್ಗೆ ಹುಡುಗ ಹುಡುಗಿಯರಿಗೆ ಟೈಪಿಂಗ್ ಕಲಿಸುವುದು, ಮಧ್ಯಾಹ್ನದ ಮೇಲೆ ವಕೀಲರು ಕಳಿಸಿದವರ ಅರ್ಜಿ. ಗಡಿಯಂಚಿನ ಬೇರಿಕೆ ಊರಿನ ಕಡೆಯ ಜನ ಬಂದರೆ ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಅಳುತ್ತಿದ್ದರು. ಆಕೆ ಮೂರನ್ನೂ ಕೇಳಿಸಿಕೊಂಡು ಅಚ್ಚುಕಟ್ಟಾದ ಕೋರ್ಟು ತಮಿಳಿಗೆ ಇಳಿಸುತ್ತಿದ್ದಳು. ಎದುರಿನವನು ಎಂಥ ಹೊಲಸು ಮಾತಾಡಿದ್ದರೂ ಆಕೆಯ ಹಾಳೆಯಲ್ಲಿ ಅದು 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದಾಗುತ್ತಿತ್ತು. ರಾಧಾಮಣಿಯಮ್ಮನ ಕೈಗೆ ಬಿದ್ದರೆ ಬೀದಿಜಗಳವೂ ಲಗ್ನಪತ್ರಿಕೆಯ ಹಾಗೆ ಓದಿಸಿಕೊಳ್ಳುತ್ತದೆ ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ಆಕೆಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಬೇರಿಕೆಯಲ್ಲಿ ಹುಟ್ಟಿ, ಹತ್ತನೇ ಕ್ಲಾಸು ಓದಿ, ಹದಿನೇಳಕ್ಕೆ ತಾಯಿಯ ತಮ್ಮ ಗುಂಡಣ್ಣನನ್ನೇ ಕಟ್ಟಿಕೊಂಡು ಹೊಸೂರಿಗೆ ಬಂದವಳು ಆಕೆ. ಗುಂಡಣ್ಣ ಆಗ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಹೆಂಡತಿ ಟೈಪಿಂಗ್ ಕಲಿಯುತ್ತೇನೆ ಎಂದಾಗ ಬೇಡವೆನ್ನಲಿಲ್ಲ, ತಾನೇ ಕರೆದುಕೊಂಡು ಹೋಗಿ ಸೇರಿಸಿದ. ಮಗಳು ಚಂದ್ರಲೇಖಾ ಸ್ಕೂಲ್ ಟೀಚರಾದಳು, ಮಗ ಅನಂತ್ ಫ್ಯಾಕ್ಟರಿ ಸೇರಿದ. ಹೊಸೂರಿನ ಆಲಸನತ್ತಂನಲ್ಲಿ ಕಟ್ಟಿಸಿದ ಮನೆಯಲ್ಲಿ ಕೆಳಗೆ ಗಂಡ ಹೆಂಡತಿ, ಮಗಳು, ಅಳಿಯ ರವಿಕುಮಾರ್, ಹತ್ತು ವರ್ಷದ ಮೊಮ್ಮಗಳು ಶ್ರೀರಂಜನಿ. ಮೇಲೆ ಒಂದು ಕೋಣೆಯಲ್ಲಿ ಅನಂತ್. ಅರವತ್ತಕ್ಕೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿ, ಇನ್ನು ಮೊಮ್ಮಗಳ ಜಡೆ ಹಾಕಿಕೊಂಡು ಇರೋಣ ಎಂದು ರಾಧಾಮಣಿ ಲೆಕ್ಕ ಹಾಕಿದ್ದಳು.

ಅಷ್ಟರಲ್ಲಿ ಒಬ್ಬ ವಕೀಲರು ಡಾಕ್ಟರ್ ಉಮಾಶಂಕರ್ ಅವರನ್ನು ಮನೆಗೆ ಕರೆತಂದರು. ಸೇಲಂ ಕಡೆಯವರು, ಮನಃಶಾಸ್ತ್ರದವರು, ತಮಿಳು ಬಿಟ್ಟರೆ ಇಂಗ್ಲಿಷ್. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿ ಶಿಕ್ಷೆಯಾಗಿ ಜೈಲಿನಲ್ಲಿರುವ ಗಂಡಸರ ಜೊತೆ ಕೂತು ಮಾತಾಡಿ ರೆಕಾರ್ಡ್ ಮಾಡಿಕೊಂಡಿದ್ದಾರಂತೆ. ಹೊಸೂರು, ಕೃಷ್ಣಗಿರಿ ಕಡೆಯ ಕೈದಿಗಳು ಮಾತಿನ ನಡುವೆ ಕನ್ನಡಕ್ಕೂ ತೆಲುಗಿಗೂ ಜಾರಿಬಿಡುತ್ತಾರೆ. ರೆಕಾರ್ಡ್ ಕೇಳಿ ಬರೆದುಕೊಂಡ ಡಾಕ್ಟರ ವಿದ್ಯಾರ್ಥಿಗಳು ಅಲ್ಲಲ್ಲಿ 'ಅರ್ಥವಾಗಲಿಲ್ಲ' ಎಂದು ಬರೆದು ಬಿಟ್ಟಿದ್ದಾರೆ, ಅದನ್ನು ಆಕೆ ಕೇಳಿ ಬರೆದುಕೊಡಬೇಕಂತೆ.

"ಅಯ್ಯೋ, ಆ ದರಿದ್ರಗಳ ಮಾತು ನಾನು ಯಾಕೆ ಕೇಳ್ಲಿ ಸಾರ್!" ಎಂದಳು ರಾಧಾಮಣಿ.

"ಅವರು ಏನು ಮಾಡಿದರು ಅನ್ನುವುದು ಕೋರ್ಟಿನ ಕಾಗದದಲ್ಲಿದೆ ಅಮ್ಮ. ಅದನ್ನು ನಾನು ಕೇಳಲೇ ಇಲ್ಲ," ಎಂದರು ಡಾಕ್ಟರ್. "ಮಾಡುವ ಮೊದಲು ತಮಗೆ ತಾವು ಏನು ಹೇಳಿಕೊಂಡರು, ಅದು ಬೇಕು. ಯಾವ ಮನುಷ್ಯನೂ ನಾನು ಕೆಟ್ಟವನು ಅಂದುಕೊಂಡು ಏಳುವುದಿಲ್ಲ. ಏನೋ ಒಂದು ಸಮಾಧಾನ ಹೇಳಿಕೊಂಡಿರುತ್ತಾನೆ. ಅದು ಗೊತ್ತಾದರೆ ಮುಂದಿನವನನ್ನು ಮೊದಲೇ ತಡೆಯುವ ದಾರಿ ಹುಡುಕಬಹುದು. ಆ ಸಮಾಧಾನದ ಮಾತನ್ನು ಇವರು ತಮ್ಮ ಮನೆಮಾತಿನಲ್ಲೇ ಹೇಳುತ್ತಾರೆ. ನನಗೆ ಅಲ್ಲೇ ಕೈ ತಪ್ಪಿಹೋಗುತ್ತಿದೆ."

ಹಿತ್ತಲಲ್ಲಿ ಶ್ರೀರಂಜನಿ ಹಗ್ಗದಾಟ ಆಡುತ್ತಿದ್ದಳು. ಅವಳ ಎಣಿಕೆ ಒಳಗೆ ಕೇಳಿಸುತ್ತಿತ್ತು. ರಾಧಾಮಣಿ ಒಪ್ಪಿಕೊಂಡಳು.

ಕೈದಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಹಾಳೆಯ ಎಡಗಡೆ ಅವರು ಆಡಿದ ಮಾತು ಆಡಿದ ಹಾಗೇ, ಬಲಗಡೆ ಅದರ ತಮಿಳು. ಕೋಣೆಯ ಬಾಗಿಲು ಹಾಕಿಕೊಂಡು ಹೆಡ್‌ಫೋನಿನಲ್ಲೇ ಕೇಳಬೇಕು, ಯಾರ ಹತ್ತಿರವೂ ಬಾಯಿ ಬಿಡಬಾರದು. ಮನಸ್ಸಿಗೆ ತಡೆಯದಿದ್ದರೆ ಯಾವ ಹೊತ್ತಿನಲ್ಲಾದರೂ ನಿಲ್ಲಿಸಿ ಫೋನು ಮಾಡಬೇಕು. ಇಷ್ಟು ಕರಾರು.

ಮೊದಲ ವಾರ ಆಕೆ ಕಾದದ್ದು ರಾಕ್ಷಸರ ಗಂಟಲಿಗೆ. ಸಿಕ್ಕಿದ್ದು ಪಕ್ಕದ ಮನೆಯವರ ಗಂಟಲು. ಎರಡನೇ ನಂಬರಿನವನು ಮಾತಿಗೆ ಮುಂಚೆ "ಊಟ ಆಯ್ತಾ ಸಾರ್?" ಎಂದು ಡಾಕ್ಟರನ್ನೇ ವಿಚಾರಿಸಿದ. ನಾಲ್ಕನೆಯವನು ಟ್ಯೂಷನ್ ಹೇಳುತ್ತಿದ್ದವನು. ಬಡಮಕ್ಕಳಿಗೆ ಬಿಟ್ಟಿ ಕಲಿಸಿದ್ದನ್ನು ಹೇಳಿ ಅತ್ತ. ಐದನೆಯವನಂತೂ, "ಆ ಮಗೂ ಅವ್ವ ನನ್ನ ದೇವ್ರು ಅನ್ನೋಳು ಸಾರ್, ಕರೆಂಟ್ ಬಿಲ್ಲು ಕಟ್ಟಕ್ಕೂ ನಾನೇ ಬೇಕು," ಎಂದ. ಒಬ್ಬ ಒಂಟಿತನ ಎಂದ, ಒಬ್ಬ ಕುಡಿತ ಎಂದ, ಇನ್ನೊಬ್ಬ ಹೆಂಡತಿ ಸರಿಯಿಲ್ಲ ಎಂದ. ಒಬ್ಬನೂ ನಾನು ಬೇಕೆಂದು ಮಾಡಿದೆ ಎನ್ನಲಿಲ್ಲ. ಎಲ್ಲರಿಗೂ ಅದು 'ಆಗೋಯ್ತು'. ತಾನಾಗಿ ಆಗಿಹೋಗುವುದಕ್ಕೆ ಅದೇನು ಬಾಣಲೆಯ ಒಗ್ಗರಣೆ ಸೀಯುವುದೇ ಎಂದು ರಾಧಾಮಣಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಡ್‌ಫೋನ್ ತೆಗೆದು ಮುಖ ತೊಳೆದುಕೊಂಡು ಬಂದು ಮತ್ತೆ ಕೂರುತ್ತಿದ್ದಳು.

ಅಲ್ಲಿಂದ ಆಕೆಯ ಕಣ್ಣು ಕೆಟ್ಟಿತು. ಸ್ಕೂಲ್ ವ್ಯಾನಿನ ಮುರುಗೇಶ್ ಎಂಟು ವರ್ಷದಿಂದ ಗೊತ್ತಿರುವವನು; ಮಕ್ಕಳಿಗೆ ಚಾಕಲೇಟ್ ಯಾಕೆ ಕೊಡುತ್ತಾನೆ ಎಂದು ಗೇಟಿನ ಹಿಂದೆ ನಿಂತು ನೋಡತೊಡಗಿದಳು. ಚಾಕಲೇಟ್ ಎಲ್ಲ ಮಕ್ಕಳಿಗೂ ಕೊಟ್ಟ. ಹಾಗಾದರೆ ಎಲ್ಲರಿಗೂ ಯಾಕೆ ಕೊಡುತ್ತಾನೆ? ಗಣಿತ ಹೇಳಿಕೊಡುವ ಕುಮಾರೇಶ್ ಮೇಷ್ಟ್ರು ಶ್ರೀರಂಜನಿಯನ್ನು ಜಾಣೆ ಎಂದು ಹೊಗಳಿದ್ದೇ ತಪ್ಪಾಯಿತು, ಮಾರನೇ ದಿನದಿಂದ ಟ್ಯೂಷನ್ ಬಂದ್. "ನೂರಕ್ಕೆ ತೊಂಬತ್ತಾರು ತೆಗೀತಿದ್ಲಲ್ಲಮ್ಮ!" ಎಂದು ಚಂದ್ರಲೇಖಾ ಬೈದಳು. "ತೊಂಬತ್ತಾರು ತಗೊಂಡು ಉಪ್ಪಿನಕಾಯಿ ಹಾಕ್ತೀಯಾ?" ಎಂದಳು ರಾಧಾಮಣಿ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ, ಕರಾರು ಬಾಯಿ ಕಟ್ಟಿತ್ತು.

ಏಳನೇ ನಂಬರಿನ ಹಾಳೆ ಕಳಿಸಿದ ಎರಡು ದಿನಕ್ಕೆ ಡಾಕ್ಟರ ಫೋನು ಬಂತು.

"ಅಮ್ಮ, ಹನ್ನೊಂದನೇ ನಿಮಿಷದಿಂದ ಹದಿನೈದರವರೆಗೆ ಅವನು ಬಿಡದೆ ಮಾತಾಡಿದ್ದಾನೆ. ನೀವು ಒಂದೇ ಸಾಲು ಬರೆದಿದ್ದೀರಿ. 'ಕುಟುಂಬದವರು ತಮಾಷೆ ಮಾಡುತ್ತಿದ್ದರು' ಅಂತ. ನಾಲ್ಕು ನಿಮಿಷ ಅವನು ಏನು ಹೇಳಿದ?"

"ಏನಿಲ್ಲ ಸಾರ್. ನಮ್ಮ ಕಡೆ ಮನೆಗಳಲ್ಲಿ ಆಡೋ ಮಾತು. ಅದರಲ್ಲಿ ಬರೆಯೋಂಥದ್ದು ಏನೂ ಇಲ್ಲ."

"ನಾನು ಬಂದಿರುವುದೇ ಆ 'ಏನಿಲ್ಲ'ಕ್ಕೆ ಅಮ್ಮ. ಇನ್ನೊಂದು ಸಲ ಕೇಳಿ ಬರೆಯಿರಿ."

ಆಕೆಗೆ ಅವಮಾನವಾಯಿತು. ಮೂವತ್ತೊಂದು ವರ್ಷದಲ್ಲಿ ಒಬ್ಬ ಜಡ್ಜೂ ಆಕೆಯ ಹಾಳೆ ವಾಪಸು ಕಳಿಸಿದ್ದಿಲ್ಲ. ಸಿಟ್ಟಿನಲ್ಲೇ ಕೂತು, ಈ ಸಲ ಒಂದಕ್ಷರ ತೊಳೆಯದೆ ಎಡಗಡೆ ಟೈಪ್ ಮಾಡತೊಡಗಿದಳು.

"ನಮ್ಮಕ್ಕನ ಮಗ್ಳು ಸಾರ್. ತೊಟ್ಲಾಗಿದ್ದಾಗ್ಲೇ ಎಲ್ರೂ ಅಂದ್ರು, ನಿಂದೇ ಕಣ್ಲಾ ಇದು ಅಂತ. ನಮ್ಮವ್ವ ಅಂದ್ಲು. ಅಕ್ಕ ಅಂದ್ಲು. ನೆಂಟ್ರು ಬಂದ್ರೆ ಅವ್ರೂ ಅನ್ನೋರು. ಎತ್ಕಂಡ್ರೆ ನಗೋರು. ಬ್ಯಾಡ ಅಂತ ಓಡೋದ್ರೆ ಇನ್ನೂ ನಗೋರು, ನಾಚ್ಕತದೆ ನೋಡು ಮಾವನ್ನ ಕಂಡು ಅಂತ. ನಂದೇ ಅಂತ ಎಲ್ರೂ ಅಂದ್ಮ್ಯಾಲೆ ನಾನೇನು ಕದ್ದಂಗಾಯ್ತಾ ಸಾರ್? ಅವ್ಳು ಅತ್ರೂ ನಂಗೆ ನಾಚ್ಕೆ ಅಂತ್ಲೇ ಕಾಣ್ಸೋದು. ಯಾರೂ ಒಂದಿನಾನೂ ಅದು ನಾಚ್ಕೆ ಅಲ್ಲ ಅನ್ಲಿಲ್ಲ."

ಬಲಗಡೆ ತಮಿಳು ಬರೆಯಲು ಆಕೆಯ ಬೆರಳು ಏಳಲಿಲ್ಲ. ಹತ್ತು ವರ್ಷದ ಹಿಂದೆ, ಶ್ರೀರಂಜನಿಯ ನಾಮಕರಣದ ದಿನ, ಹದಿನೆಂಟರ ಅನಂತನ ತೊಡೆಯ ಮೇಲೆ ಕೂಸನ್ನು ಮಲಗಿಸಿ "ತಗಳಪ್ಪ, ನಿನ್ನ ಹೆಂಡ್ತಿ!" ಎಂದು ನಕ್ಕವಳು ತಾನೇ. ಆಮೇಲೆ ಎಷ್ಟು ಸಲ ಅಂದಿದ್ದಾಳೋ, ಎಣಿಸಿಟ್ಟವರಿಲ್ಲ. ಅನಂತನಿಗೆ ಹೆಣ್ಣು ನೋಡಿ ಬಂದು ಒಪ್ಪಿಗೆಯಾಗದ ಪ್ರತಿ ಸಲವೂ, "ಹೋಗ್ಲಿ ಬಿಡು, ಎಂಟೊರ್ಷ ಕಾದ್ರೆ ಮನೇಲೇ ಅವ್ಳೆ," ಎಂದು ಅಡಿಗೆಮನೆಯಿಂದ ಕೂಗಿದವಳೂ ತಾನೇ. ಅನಂತನಿಗೆ ಈಗ ಇಪ್ಪತ್ತೆಂಟು.

ಡಾಕ್ಟರಿಗೆ ಫೋನು ಮಾಡಿದಳು. "ಸಾರ್, ಅವನು ಹೇಳೋದು ನಿಜವಾ? ಆ ಮಾತಿಂದಾನೇ ಹಾಗೆ ಮಾಡಿದನಾ?"

"ಅವನನ್ನು ಪೂರ್ತಿ ನಂಬಬೇಡಿ ಅಮ್ಮ," ಎಂದರು ಅವರು. "ಆ ನಗೆಮಾತು ಕೇಳಿಕೊಂಡ ಮಾವಂದಿರು ನಿಮ್ಮ ಜಿಲ್ಲೆಯಲ್ಲಿ ಎಷ್ಟು ಸಾವಿರ ಇದ್ದಾರು. ಅವರು ಮಾಡಲಿಲ್ಲ, ಇವನು ಮಾಡಿದ. ತಪ್ಪು ಇವನದೇ. ಆದರೆ ಮಾಡುವಾಗ ಹಿಡಿದುಕೊಳ್ಳಲು ಇವನಿಗೆ ಆ ಮಾತು ಸಿಕ್ಕಿತು. ಇನ್ನೊಂದು, ಆ ಮಗು ಬೇಡ ಅಂದದ್ದು ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ."

ಫೋನಿಟ್ಟ ಮೇಲೆ ರಾಧಾಮಣಿಗೆ ಉಳಿದದ್ದು ಒಂದೇ ಭಯ. ನನ್ನ ಮಗ ಆ ಸಾವಿರದವರಲ್ಲಿ ಒಬ್ಬನೋ, ಈ ಏಳನೆಯವನೋ?

ಹೆತ್ತ ಮಗನನ್ನು ಕಳ್ಳನ ಹಾಗೆ ಕಾಯುವುದಕ್ಕೆ ಎಂಥ ಗಟ್ಟಿ ಗುಂಡಿಗೆ ಬೇಕು. ಆಕೆ ಕಾದಳು. ಕಾದಷ್ಟೂ ಸಿಕ್ಕಿತು. ಮೊದಲು ಅಕ್ಕನ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಸುತ್ತಿಸುತ್ತಿದ್ದವನು ಈಚೆಗೆ ಕೂರಿಸಿಕೊಳ್ಳುತ್ತಿಲ್ಲ. ಯಾಕೆ? ಶಿಫ್ಟು ಬದಲಾಯಿಸಿಕೊಂಡಿದ್ದಾನೆ. ಮಗು ಓಡಿ ಬಂದು "ಮಾವಾ" ಎಂದರೆ ತಿಂಡಿ ಪೊಟ್ಟಣ ಕೈಗಿಟ್ಟು ಸರಸರ ಮಹಡಿ ಹತ್ತುತ್ತಾನೆ. ಎಲ್ಲರ ಮುಂದೆ ಮುಖ ಕೊಟ್ಟು ಮಾತಾಡುವುದಿಲ್ಲ. ಮಾತಾಡಿದರೆ ಪುಸಲಾಯಿಸುತ್ತಿದ್ದಾನೆ, ಮಾತಾಡದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾನೆ. ಆಕೆಯ ತಕ್ಕಡಿಯಲ್ಲಿ ಎರಡು ಕಡೆಯೂ ಅವನದೇ ತಪ್ಪು ತೂಗುತ್ತಿತ್ತು. ಅವನ ಬಟ್ಟೆ ಒಗೆಯಲು ತೆಗೆದುಕೊಳ್ಳುವಾಗ ಜೇಬು ತಡವಿದಳು. ಫ್ಯಾಕ್ಟರಿ ಕ್ಯಾಂಟೀನಿನ ಚೀಟಿ ಬಿಟ್ಟು ಏನೂ ಸಿಗಲಿಲ್ಲ. ಸಿಗದಿದ್ದದ್ದೂ ಸಂಶಯಕ್ಕೇ ಸೇರಿತು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದ ಗುಂಡಣ್ಣನ ಕಡೆ ನೋಡಿದಳು. ಇವನೂ ಮಾವನೇ. ತಾನು ಹತ್ತು ವರ್ಷದವಳಾಗಿದ್ದಾಗ ಇವನಿಗೆ ಇಪ್ಪತ್ತೆರಡು. ಬೇರಿಕೆಗೆ ಬರುವಾಗ ರಿಬ್ಬನ್ನು, ಬಳೆ ತರುತ್ತಿದ್ದ. ಅವ್ವ, ದೊಡ್ಡಮ್ಮ ಎಲ್ಲ ಸೇರಿ "ನಿನ್ನ ಗಂಡ ಬಂದ, ನೀರು ಕೊಡೇ" ಎನ್ನುತ್ತಿದ್ದರು, ತಾನು ಹುಲ್ಲಿನ ಅಟ್ಟ ಹತ್ತಿ ಕೂರುತ್ತಿದ್ದಳು. ಕೆಳಗೆ ನಗುತ್ತಿದ್ದರು. ಆ ದಿನಗಳನ್ನೆಲ್ಲ ಒಂದೊಂದೇ ಬಿಚ್ಚಿ ಹುಡುಕಿದಳು. ಇಲ್ಲ, ಗುಂಡಣ್ಣ ಒಂದು ದಿನವೂ ಅಟ್ಟ ಹತ್ತಿ ಬರಲಿಲ್ಲ, ಬಳೆಯನ್ನು ಕೆಳಗಿಟ್ಟು ಹೋಗುತ್ತಿದ್ದ, ಮದುವೆಯ ತನಕ ಬೆರಳು ತಾಕಿಸಿದವನಲ್ಲ. ಅವನ ಮೇಲೆ ಹೊರಿಸಲು ಏನೂ ಸಿಗಲಿಲ್ಲ. ಆದರೂ ಎದೆಯ ಭಾರ ಇಳಿಯಲಿಲ್ಲ. ಅದು ಯಾಕೆಂದು ಆಕೆಗೆ ತಿಳಿಯಲಿಲ್ಲ.

"ಏನೇ ಅಂಗ್ ನೋಡ್ತೀಯ? ಕಾಪಿ ಗೀಪಿ ಏನಾರ ಕೊಡ್ತೀಯಾ?" ಎಂದ ಗುಂಡಣ್ಣ.

"ಕೊಡ್ತೀನಿ ಮಾವ," ಎಂದು ಎದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ಅವನನ್ನು ಕರೆಯುವುದು ಮಾವ ಎಂದೇ.

ಮುಂದಿನ ಭಾನುವಾರ ಚಂದ್ರಲೇಖಾ ಪರೀಕ್ಷೆ ಡ್ಯೂಟಿಗೆ ಹೋಗಿದ್ದಳು, ರವಿಕುಮಾರ್ ಕೃಷ್ಣಗಿರಿಗೆ, ಗುಂಡಣ್ಣ ನಿದ್ದೆ. ರಾಧಾಮಣಿ ತರಕಾರಿ ತಂದು ಚೀಲ ಇಳಿಸಿದರೆ ಮನೆಯಲ್ಲಿ ಮಗುವಿನ ಸದ್ದಿಲ್ಲ. ಹಿತ್ತಲಲ್ಲಿಲ್ಲ. ತಲೆಯೆತ್ತಿದರೆ ಮಹಡಿಯ ಕೋಣೆಯ ಬಾಗಿಲು ಮುಂದಕ್ಕೆ ಎಳೆದಿದೆ, ಹೊರಗೆ ಪುಟ್ಟ ಚಪ್ಪಲಿ ಇದೆ. ಮಂಡಿನೋವಿನ ಹೆಂಗಸು ಹದಿನೆಂಟು ಮೆಟ್ಟಿಲು ಹೇಗೆ ಹತ್ತಿದಳೋ. ಬಾಗಿಲು ನೂಕಿದಳು. ಅನಂತ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಶ್ರೀರಂಜನಿ ಬಾಗಿಲ ಪಕ್ಕ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು.

"ಅಮ್ಮ, ಒಂದ್ನಿಮಿಷ ಕೆಳಗಿರು. ಬತ್ತೀವಿ," ಎಂದ ಅನಂತ್.

ಒಂದು ನಿಮಿಷವೂ ಇಲ್ಲ, ಅರ್ಧವೂ ಇಲ್ಲ. ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಕೆಳಗೆ ಬಂದು, ಕೋಣೆಗೆ ಚಿಲಕ ಹಾಕಿ, "ಏನಂದ? ಏನ್ಮಾಡ್ದ? ಎಲ್ಲಿ ಮುಟ್ಟಿದ? ಹೇಳು!" ಎಂದು ಒಂದರ ಮೇಲೊಂದು ಕೇಳಿದಳು. ಶ್ರೀರಂಜನಿ ಹೆದರಿ ಗೋಡೆಗಂಟಿದಳು. ಎಷ್ಟು ಹೊತ್ತಾದ ಮೇಲೆ ಬಾಯಿ ಬಿಟ್ಟಳೋ, ಬಿಟ್ಟದ್ದೂ ಇಷ್ಟೇ: "ನಿಂಗೆ ಹೇಳಲ್ಲ ಅಜ್ಜಿ. ಮಾವಂಗೆ ಪ್ರಾಮಿಸ್ ಮಾಡಿದೀನಿ."

ಗುಟ್ಟು. ಐದು ಜನ ಕೈದಿಗಳ ಬಾಯಲ್ಲಿ ಈ ಒಂದು ಮಾತನ್ನು ಟೈಪ್ ಮಾಡಿದ್ದಳು ರಾಧಾಮಣಿ. ಫೋನು ಕೈಗೆತ್ತಿಕೊಂಡಳು.

ಡಾಕ್ಟರು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, "ಇನ್ನು ನೀವು ಒಂದು ಪ್ರಶ್ನೆಯನ್ನೂ ಕೇಳಬೇಡಿ ಅಮ್ಮ," ಎಂದರು. "ಹೆದರಿಸಿ ಕೇಳಿದರೆ ಮಕ್ಕಳು ಒಂದೋ ಮುಚ್ಚಿಡುತ್ತಾರೆ, ಇಲ್ಲ ನಾವು ಬಯಸಿದ್ದನ್ನು ಹೇಳಿಬಿಡುತ್ತಾರೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ತಾಯಿಗೆ ಈಗಲೇ ಹೇಳಿ. ಮಕ್ಕಳ ಜೊತೆ ಮಾತಾಡಲು ತರಬೇತಿಯಾದ ಹೆಂಗಸೊಬ್ಬರು ಕೃಷ್ಣಗಿರಿಯಲ್ಲಿದ್ದಾರೆ, ನಾಳೆಯೇ ಕರೆದುಕೊಂಡು ಹೋಗಿ. ಏನಾದರೂ ಇದ್ದರೆ ಮುಂದಿನ ದಾರಿ ಕಾನೂನಿನದು. ನಿಮ್ಮ ಮಗ ಅನ್ನುವುದಕ್ಕೆ ಅದು ಬದಲಾಗುವುದಿಲ್ಲ. ತಡೆದುಕೊಳ್ಳುತ್ತೀರಾ?"

"ತಡೀತೀನಿ ಸಾರ್," ಎಂದಳು. ತಡೆಯುತ್ತೇನೋ ಇಲ್ಲವೋ ಆಕೆಗೇ ಗೊತ್ತಿರಲಿಲ್ಲ.

ಡ್ಯೂಟಿ ಮುಗಿಸಿ ಬಂದ ಚಂದ್ರಲೇಖಾಳನ್ನು ಗೇಟಿನಲ್ಲೇ ನಿಲ್ಲಿಸಿ ಹೇಳಿದಳು. ಮಗಳ ಮುಖ ಸುಣ್ಣದ ಹಾಗಾಯಿತು. ತಮ್ಮನ ಮೇಲೆ ಇಂಥ ಮಾತೇ ಎಂದು ಕಿರುಚುತ್ತಾಳೆ ಎಂದುಕೊಂಡರೆ, ಅವಳು ಕಿರುಚಲಿಲ್ಲ. ಒಳಗೆ ಹೋಗಿ ಮಗಳ ಪಕ್ಕ ಕೂತಳು. ಆಮೇಲೆ ಮಹಡಿಯ ಕೆಳಗೆ ನಿಂತು, "ಅನಂತಾ, ಎರಡು ದಿನ ನಿನ್ನ ಫ್ರೆಂಡ್ ರೂಮಲ್ಲಿರು. ಯಾಕೆ ಅಂತ ಈಗ ಕೇಳ್ಬೇಡ," ಎಂದಳು. ಅನಂತ್ ತಾಯಿಯ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಬ್ಯಾಗಿಗೆ ಎರಡು ಶರ್ಟು ತುರುಕಿಕೊಂಡು, ಗೇಟು ಸದ್ದಾಗದ ಹಾಗೆ ಎಳೆದುಕೊಂಡು ಹೋದ. ಗುಂಡಣ್ಣ ಎದ್ದು ಕೇಳಿದಾಗ ಫ್ಯಾಕ್ಟರಿಯ ಕೆಲಸವೆಂದರು.

ಸೋಮವಾರ ಕೃಷ್ಣಗಿರಿಯಲ್ಲಿ ಆ ಹೆಂಗಸು ಮಗುವನ್ನು ಬಣ್ಣದ ಪೆನ್ಸಿಲ್‌ಗಳ ಮುಂದೆ ಕೂರಿಸಿಕೊಂಡು ಒಂದೂವರೆ ಗಂಟೆ ಮಾತಾಡಿದರು. ಗುರುವಾರ ಮತ್ತೆ ಕರೆಸಿದರು. ರಾಧಾಮಣಿ ಎರಡೂ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗಿಂದ ಏನು ಬಂದರೂ ಕೇಳಿಸಿಕೊಳ್ಳಬೇಕು, ತೊಳೆಯಬಾರದು, ಮಗನಾದರೂ ಸರಿ ಎಂದು ತನಗೆ ತಾನು ಹೇಳಿಕೊಳ್ಳುತ್ತಿದ್ದಳು. ಹೊಟ್ಟೆಯೊಳಗೆ ಮಾತ್ರ, ಅವನಾಗಿರದಿರಲಿ, ಅವನಾಗಿರದಿರಲಿ ಎಂದು ಬೇರೊಂದು ಜಪ ನಡೆದಿತ್ತು.

ಗುರುವಾರ ಚಂದ್ರಲೇಖಾ ಹೊರಗೆ ಬಂದು ತಾಯಿಯ ಪಕ್ಕ ಕೂತಳು. ತುಂಬ ಅತ್ತಿದ್ದಳು.

"ಏನೂ ಆಗಿಲ್ಲಮ್ಮ. ಅನಂತ್ ಏನೂ ಮಾಡಿಲ್ಲ. ಅವರಿಗೆ ಖಾತ್ರಿಯಾಗಿದೆ."

ರಾಧಾಮಣಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡಳು. ಆದರೆ ಚಂದ್ರಲೇಖಾ ಏಳಲಿಲ್ಲ.

"ಆವತ್ತು ಅವಳೇ ಮೇಲೆ ಹೋಗಿದ್ದು. ಅವನನ್ನ ಕೇಳಕ್ಕೆ. ನಾನು ದೊಡ್ಡೋಳಾದ್ರೆ ನಿನ್ನೇ ಮದ್ವೆ ಆಗ್ಬೇಕಾ ಮಾವ, ಬ್ಯಾಡ ಅಂದ್ರೆ ಅಜ್ಜಿ ಬಯ್ತಾಳಾ ಅಂತ. ಒಂದು ವರ್ಷದಿಂದ ಅದನ್ನೇ ತಲೇಲಿ ಇಟ್ಕೊಂಡು ಒಬ್ಬಳೇ ಹೆದರ್ತಿದ್ದಾಳೆ. ಹುಟ್ಟುಹಬ್ಬ ಬಂದ್ರೆ ಅಳ್ತಿದ್ಲಲ್ಲ, ದೊಡ್ಡೋಳಾಗ್ತೀನಿ ಅಂತ ಅಳ್ತಿದ್ಲಂತೆ. ಯಾವತ್ತೂ ಇಲ್ಲ ಕಂದ, ಅದೆಲ್ಲ ಸುಳ್ಳು, ನಾನೇ ಅಜ್ಜಿಗೆ ಹೇಳ್ತೀನಿ, ಅಲ್ಲೀವರ್ಗೂ ನೀನು ಹೇಳಿ ಬೈಸ್ಕೋಬೇಡ ಅಂದನಂತೆ ಅನಂತ್. ಅದೇ ಪ್ರಾಮಿಸ್ಸು."

ಹೊಸೂರಿನ ಬಸ್ಸಿನಲ್ಲಿ ಶ್ರೀರಂಜನಿ ತಾಯಿಯ ತೊಡೆಯ ಮೇಲೆ ಮಲಗಿದ್ದಳು. ಅಜ್ಜಿಯ ಪಕ್ಕಕ್ಕೆ ಬರಲಿಲ್ಲ.

ಅನಂತ್ ಆ ಸಂಜೆ ಮನೆಗೆ ಬಂದ. ತಾಯಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಕ್ಷಮಿಸು ಎನ್ನಲು ಬಾಯಿ ತೆರೆದರೆ ಅವನೇ ತಡೆದ.

"ಅನುಮಾನ ಪಟ್ಟೆ ಅಂತ ನಂಗೆ ಬೇಜಾರಿಲ್ಲಮ್ಮ. ನೀನು ಕೇಳ್ದೆ, ಕರ್ಕೊಂಡೋದೆ, ಸರಿ. ನಾನಲ್ದೆ ಇನ್ಯಾವನೋ ಆಗಿದ್ದಿದ್ರೆ ಮಗು ಬಚಾವಾಗೋದು. ನಂಗೆ ಬೇಜಾರು ಇಷ್ಟೊರ್ಷ ನಗ್ತಿದ್ದೆಯಲ್ಲ, ಅದಕ್ಕೆ. ಬ್ಯಾಡಮ್ಮ, ನಿಲ್ಸು ಅಂತ ಎಷ್ಟ್ ಸಲ ಅಂದಿದೀನಿ? ನಾಚ್ಕತಾನೆ ನೋಡು ಅಂತಿದ್ದೆ. ಅವಳನ್ನ ಎತ್ಕೊಳ್ಳಕ್ಕೂ ನಂಗೆ ಹೇಸಿಗೆ ಆಗೋ ಹಂಗೆ ಮಾಡ್ಬುಟ್ರಿ ನೀವೆಲ್ಲ. ಗಾಡೀಲಿ ಕೂರಿಸ್ಕೊಂಡ್ರೆ ಬೀದೀಲಿ ನಿಂತೋರು ನಗೋರು. ಅದಕ್ಕೇ ಶಿಫ್ಟ್ ಬದ್ಲಾಯಿಸ್ಕೊಂಡೆ, ಅವಳು ಎದ್ದಿರೋ ಹೊತ್ತಲ್ಲಿ ಮನೇಲಿರಬಾರ್ದು ಅಂತ."

ಅವನು ಮಹಡಿ ಹತ್ತಿ ಹೋದ ಮೇಲೆ ರಾಧಾಮಣಿ ಕೋಣೆಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಏಳನೇ ನಂಬರಿನ ಹಾಳೆಯ ಬಲಗಡೆ ತುಂಬಿಸಿದಳು. ಒಂದು ಮಾತನ್ನೂ ಬಿಡಲಿಲ್ಲ. ಅಡಿಯಲ್ಲಿ ತನ್ನದೊಂದು ಟಿಪ್ಪಣಿ ಸೇರಿಸಿದಳು: 'ಮೊದಲ ಸಲ ನಾನು ಇದನ್ನು ಬಿಟ್ಟದ್ದು ಅರ್ಥವಾಗದೆ ಅಲ್ಲ. ನಮ್ಮ ಮನೆಯಲ್ಲೂ ಆಡುವ ಮಾತಾದ್ದರಿಂದ ಬರೆಯುವಂಥದ್ದು ಎನಿಸಲಿಲ್ಲ.'

ಅದಾಗಿ ಮೂರು ವಾರಕ್ಕೆ ರಾಯಕೋಟೆಯಲ್ಲಿ ಗುಂಡಣ್ಣನ ಅಕ್ಕ ಗೋವಿಂದಮ್ಮನ ಮೊಮ್ಮಗಳು ಮೈನೆರೆದಳೆಂದು ಆರತಿಗೆ ಕರೆದಿದ್ದರು. ಗೋವಿಂದಮ್ಮ ಎಂದರೆ ರಾಧಾಮಣಿಗೆ ದೊಡ್ಡಮ್ಮನೂ ಹೌದು, ಗಂಡನ ಕಡೆಯಿಂದ ಅತ್ತಿಗೆಯೂ ಹೌದು. ವಾಡಿಕೆಯಂತೆ ಹುಡುಗಿಯ ಸೋದರಮಾವ ಅವಳು ಕೂರಲು ಅಂಗಳದ ಮೂಲೆಯಲ್ಲಿ ಹಸಿ ತೆಂಗಿನಗರಿಯ ಗುಡ್ಲು ಹಾಕಿದ್ದ. ಎಪ್ಪತ್ತೆಂಟರ ಗೋವಿಂದಮ್ಮ ಕುರ್ಚಿಯಲ್ಲಿ ಕೂತು, ಬಂದವರನ್ನೆಲ್ಲ ಒಂದೊಂದು ಮಾತಿನಲ್ಲಿ ನಗಿಸುತ್ತಿದ್ದಳು. ಶ್ರೀರಂಜನಿ ಕಣ್ಣಿಗೆ ಬಿದ್ದಳು.

"ಬಾರೇ ಇಲ್ಲಿ! ಅಬ್ಬಾ, ಎಷ್ಟುದ್ದ ಆಗ್ಬುಟ್ಟಿದ್ದಾಳೆ. ಇನ್ನೇನು, ನಿನ್ನ ಸರದೀನೇ. ಏ ಅನಂತಾ, ಈಗ್ಲೇ ಗರಿ ಕಡಿದಿಟ್ಕೊಳ್ಲಾ, ಗುಡ್ಲು ಹಾಕೋನೂ ನೀನೇ, ಆಮ್ಯಾಕೆ ಕರ್ಕಂಡೋಗೋನೂ ನೀನೇ!"

ಅಂಗಳವೆಲ್ಲ ನಕ್ಕಿತು. ಅನಂತ್ ತಲೆ ತಗ್ಗಿಸಿಕೊಂಡು ಬೀದಿಯ ಕಡೆ ಹೊರಟ. ಶ್ರೀರಂಜನಿ ತಾಯಿಯ ಸೀರೆಯ ಹಿಂದೆ ಸೇರಿ ಮುಖ ಮರೆಸಿಕೊಂಡಳು.

"ನೋಡ್ರೇ, ನಾಚ್ಕತಾಳೆ!" ಎಂದಳು ಗೋವಿಂದಮ್ಮ. ನಗು ಇನ್ನೊಂದು ಸುತ್ತು ಬಂತು.

"ನಾಚ್ಕೆ ಅಲ್ಲ ಅದು ದೊಡ್ಡಮ್ಮ," ಎಂದಳು ರಾಧಾಮಣಿ. ಗಂಟಲು ತಾನು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಬ್ಯಾಡ ಅಂತವ್ಳೆ. ಮಗು ಬ್ಯಾಡ ಅಂತದೆ, ನಾವು ನಗ್ತಾ ಇದೀವಿ. ಎಲ್ರಿಗಿಂತ ಜಾಸ್ತಿ ನಾನೇ ನಕ್ಕಿದೀನಿ. ಇವತ್ತಿಂದ ಈ ಮಾತು ಯಾರೂ ಆಡ್ಕೂಡ್ದು. ಅನಂತಾ, ನೀನು ಹೋಗ್ಬೇಡ ಕಣಪ್ಪ, ನಿಂತ್ಕೋ. ತಲೆ ತಗ್ಸೋವಂಥದ್ದು ನೀನೇನೂ ಮಾಡಿಲ್ಲ."

ಆರತಿ ತಟ್ಟೆ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಡಣ್ಣನಿಗೆ ಅಕ್ಕನ ಮನೆಯಲ್ಲಿ, ನೆಂಟರ ಮುಂದೆ ಹೀಗಾದದ್ದು ಕಸಿವಿಸಿಯಾಯಿತು. ಮಾತು ತೇಲಿಸಿಬಿಡೋಣವೆಂದು ನಗುತ್ತ ಎದ್ದುಬಂದ.

"ಏನೇ ಇದು ರಾಧಾ, ಶುಭಕಾರ್ಯದಾಗೆ. ಚಿಕ್ಕೋಳಾಗಿದ್ದಾಗ ನಿಂಗೂ ಇದ್ನೇ ಅಲ್ವಾ ಅಂತಿದ್ದಿದ್ದು? ನಿಂಗೇನಾಗೋಯ್ತು ಅಂತ ಈಗ?"

ರಾಧಾಮಣಿ ಗಂಡನ ಮುಖ ನೋಡಿದಳು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅವನ ನಗು ಇನ್ನೂ ತುಟಿಯ ಮೇಲಿತ್ತು. ಎಷ್ಟೋ ದಿನದಿಂದ ಇಳಿಯದೆ ಕೂತಿದ್ದ ಭಾರ ಯಾವುದೆಂದು ಆಕೆಗೆ ಆಗ ತಿಳಿಯಿತು.

"ನಂಗೇನಾಯ್ತು ಅಂತ ಒಬ್ರೂ ಕೇಳಿದ್ದಿಲ್ಲ ಮಾವ. ಹತ್ತೊರ್ಷದಾಗೂ ಕೇಳ್ಲಿಲ್ಲ, ಹದಿನೇಳಕ್ಕೆ ತಾಳಿ ಕಟ್ಟೋವಾಗ್ಲೂ ಕೇಳ್ಲಿಲ್ಲ, ಆಮ್ಯಾಲೆ ನಲವತ್ಮೂರೊರ್ಷ ನೀನೂ ಕೇಳ್ಲಿಲ್ಲ. ಇವತ್ತು ಬಾಯ್ತಪ್ಪಿ ಕೇಳ್ಬುಟ್ಟೆ." ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಅವನ ಮುಂದೆ ಹಾಕಿದಳು. "ಕೂತ್ಕೋ, ಹೇಳ್ತೀನಿ."

ಗುಂಡಣ್ಣ ಸುತ್ತ ಒಂದು ಸಲ ನೋಡಿದ. ಅವನ ನಗು ನಿಧಾನವಾಗಿ ಇಳಿಯಿತು. ಕೂತ.